ನಮ್ಮನ್ನು ಬೆಳೆಸಿದ ಅಡುಗೆಮನೆಗಳಿಗೆ

ಈ ವಾರ ನಮ್ಮ ಆನ್‌ಲೈನ್ ಆರ್ಡರ್ ಸಾಫ್ಟ್‌ವೇರ್ ನೂರನೇ ಹೋಟೆಲ್ ಸೇರಿತು. ಯಾದಗಿರಿಯ ಒಂದು ಸಣ್ಣ ಖಾನಾವಳಿ ಅದು. ದೊಡ್ಡ ಊರಿನ ಕಂಪನಿಗಳಿಗೆ ನೂರು ಅಂದರೆ ಏನೂ ಅಲ್ಲದಿರಬಹುದು. ಕಲಬುರಗಿಯಲ್ಲಿ ಕೂತು ಕಲಬುರಗಿ, ಬೀದರ್, ಯಾದಗಿರಿಯ ಹೋಟೆಲ್‌ಗಳಿಗಂತಲೇ ಕೆಲಸ ಮಾಡುವ ನಮಗೆ ಇದು ತುಂಬಾ ದೊಡ್ಡದು. ಇದಕ್ಕೆ ಕಾರಣರಾದವರಿಗೆ ಫೋನಿನಲ್ಲಿ ಥ್ಯಾಂಕ್ಸ್ ಹೇಳಿ ಮುಗಿಸಲು ಮನಸ್ಸು ಒಪ್ಪಲಿಲ್ಲ. ಎಲ್ಲರೆದುರು ಹೇಳಬೇಕು ಅನ್ನಿಸಿತು.

ಮೊದಲ ನಮಸ್ಕಾರ ಸ್ಟೇಷನ್ ರಸ್ತೆಯ ಖಾನಾವಳಿಯ ಕಾಕಾ ಅವರಿಗೆ. ನಮ್ಮ ಮೊದಲ ಗಿರಾಕಿ ಅವರು. ನಾವಿನ್ನೂ ಕಣ್ಣು ಬಿಡುವ ಹೊತ್ತಿಗೆ 2020ರ ಮಾರ್ಚ್ ಬಂತು. ಕೋವಿಡ್‌ನಿಂದ ದೇಶದಲ್ಲಿ ಮೊದಲು ತೀರಿಕೊಂಡವರು ನಮ್ಮ ಕಲಬುರಗಿಯವರು. ಆ ಸುದ್ದಿ ಬಂದ ಮೇಲೆ ಊರಿಗೆ ಊರೇ ಹೆದರಿ ಕೂತಿತ್ತು. ಮುಂದೆ ಲಾಕ್‌ಡೌನ್ ಬಂದು, ಹೋಟೆಲ್‌ನಲ್ಲಿ ಕೂತು ಉಣ್ಣುವುದು ನಿಂತು, ಪಾರ್ಸೆಲ್ ಒಂದೇ ಉಳಿಯಿತು. ಆಗ ಕಾಕಾ ಅವರೇ ಫೋನ್ ಮಾಡಿದರು. "ತಮ್ಮಾ, ನೀ ಬಂದ್ ಮಾಡಬ್ಯಾಡ. ತಿಂಗಳ ರೊಕ್ಕ ನಾ ಕೊಡ್ತೀನಿ. ಪಾರ್ಸೆಲ್ ಆದ್ರೂ ನಡೀಲಿ" ಅಂದರು. ಅವರ ಗಲ್ಲಾದಲ್ಲಿ ಎಷ್ಟಿತ್ತು ಅನ್ನುವುದು ನನಗೆ ಗೊತ್ತಿತ್ತು. ದಿನದ ಲೆಕ್ಕ ನಮ್ಮ ಸಾಫ್ಟ್‌ವೇರ್‌ನಲ್ಲೇ ಕಾಣುತ್ತಿತ್ತಲ್ವಾ. ಅಷ್ಟರಲ್ಲೇ ನಮ್ಮ ಪಾಲು ತೆಗೆದಿಟ್ಟರು. ಕಾಕಾ, ಈ ಋಣ ತೀರುವಂಥದ್ದಲ್ಲ.

ಅದೇ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಅಕ್ಕನಿಗೆ ಎರಡನೇ ನಮಸ್ಕಾರ. ನಮ್ಮ ಸಾಫ್ಟ್‌ವೇರ್‌ನಲ್ಲಿ ನನಗೆ ಎಲ್ಲಕ್ಕಿಂತ ಹೆಮ್ಮೆಯ ಭಾಗ ಯಾವುದು ಅಂದರೆ ರೊಟ್ಟಿ ಲೆಕ್ಕ. ಅದನ್ನು ಕಲಿಸಿದವರು ಅವರು. ಜೋಳದ ಹಿಟ್ಟಿಗೆ ಗೋಧಿ ಹಿಟ್ಟಿನ ಜಿಗುಟು ಇರುವುದಿಲ್ಲ. ಕುದಿನೀರು ಹಾಕಿ ನಾದಬೇಕು. ಒಂದೊಂದೇ ಉಂಡೆ ತೆಗೆದು ಅಂಗೈಯಲ್ಲಿ ಬಡಿಯಬೇಕು. ಹಂಚಿಗೆ ಹಾಕಿ ಮೇಲೆ ನೀರು ಸವರಿ, ತಿರುವಿ, ಉಬ್ಬಿಸಬೇಕು. ಯಾವ ಅವಸರಕ್ಕೂ ಅದು ಬಗ್ಗುವುದಿಲ್ಲ. ಆದರೆ ಫೋನಿನ ಆರ್ಡರ್‌ಗಳು ರಾತ್ರಿ ಎಂಟೂವರೆಗೆ ಒಮ್ಮೆಲೇ ಬಂದು ಬೀಳುತ್ತವೆ. ಅಕ್ಕ ಒಂದು ರಾತ್ರಿ ಬೆವರು ಒರೆಸಿಕೊಳ್ಳುತ್ತಾ ಕೇಳಿದರು: "ಹಂಚು ಒಂದೇ ಅದ, ಕೈ ಎರಡೇ ಅವ. ನಿಮ್ಮ ಫೋನಿಗಿ ಇದು ಗೊತ್ತದ ಏನ್ರಿ?"

ಆ ಪ್ರಶ್ನೆಯಿಂದ ಕೆಲಸ ಶುರುವಾಯಿತು. ಅವರ ಪಕ್ಕದಲ್ಲಿ ಗಡಿಯಾರ ಹಿಡಿದು ಕೂತೆವು. ಹದಿನೈದು ನಿಮಿಷಕ್ಕೆ ಒಂದು ಹಂಚಿನಿಂದ ಎಷ್ಟು ರೊಟ್ಟಿ ಆಗುತ್ತವೆ ಅಂತ ನೋಡಿದೆವು. ಈಗ ನಮ್ಮ ಸಾಫ್ಟ್‌ವೇರ್ ಆರ್ಡರ್ ಎಷ್ಟು ಅಂತ ಎಣಿಸುವುದಿಲ್ಲ, ರೊಟ್ಟಿ ಎಷ್ಟು ಅಂತ ಎಣಿಸುತ್ತದೆ. ಹಂಚು ತುಂಬಿದರೆ ಮುಂದಿನ ಗಿರಾಕಿಗೆ ಮುಂದಿನ ಹೊತ್ತು ತೋರಿಸುತ್ತದೆ. ಕಡಕ್ ರೊಟ್ಟಿ ಬೇಕು ಅಂದವರಿಗೆ ಕಾಯುವ ಮಾತಿಲ್ಲ, ಅದು ಮೊದಲೇ ಮಾಡಿಟ್ಟಿದ್ದು, ಹಂಚಿನ ಲೆಕ್ಕಕ್ಕೆ ಬರುವುದೇ ಇಲ್ಲ. ಬಿಸಿ ರೊಟ್ಟಿ, ಕಡಕ್ ರೊಟ್ಟಿ ಅಂತ ಎರಡು ಬಟನ್ ಬೇರೆ ಮಾಡಿಸಿದ್ದೂ ಅಕ್ಕನೇ. ಮುಂದೆ ಬೀದರ್‌ನ ತಂದೂರ್ ಭಟ್ಟಿಗೂ, ದೋಸೆ ಹಂಚಿಗೂ ಇದೇ ಲೆಕ್ಕ ಹೊಂದಿತು. ಅವರ ಮಾತಿನಿಂದ ಎಷ್ಟೋ ಊರಿನ ಅಡುಗೆಯವರ ರಾತ್ರಿಗಳು ಹಗುರಾಗಿವೆ. ಅದು ಅವರಿಗೆ ಗೊತ್ತಾಗಬೇಕು ಅನ್ನುವುದು ನನ್ನ ಆಸೆ.

ಇನ್ನು ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆಯ ಪ್ರಿಂಟರ್ ರಿಪೇರಿ ಅಂಗಡಿಯ ಹುಡುಗರು. ಅಡುಗೆಮನೆಗೆ ಹೋಗುವ ಚೀಟಿ ಕನ್ನಡದಲ್ಲೇ ಇರಬೇಕು ಅಂತ ನಮ್ಮ ಹಟ. ಒಲೆ ಮುಂದೆ ನಿಂತವರಿಗೆ ಇಂಗ್ಲಿಷ್ ಚೀಟಿ ಕೊಟ್ಟು ಏನು ಪ್ರಯೋಜನ? ಆದರೆ ಬಿಲ್ ಹೊಡೆಯುವ ಸಣ್ಣ ಥರ್ಮಲ್ ಪ್ರಿಂಟರ್‌ಗಳ ಒಳಗೆ ಸಾಮಾನ್ಯವಾಗಿ ಕನ್ನಡ ಅಕ್ಷರ ಇರುವುದಿಲ್ಲ. 'ಎಣ್ಣೆಗಾಯಿ' ಅಂತ ಕಳಿಸಿದರೆ ಬರೀ ಪ್ರಶ್ನೆ ಚಿಹ್ನೆ, ಚೌಕ ಬರುತ್ತಿದ್ದವು. ಕೊನೆಗೆ ಇಡೀ ಚೀಟಿಯನ್ನೇ ಚಿತ್ರವಾಗಿ ಬರೆದು ಪ್ರಿಂಟರ್‌ಗೆ ಕಳಿಸುವ ದಾರಿ ಹಿಡಿದೆವು. ಚಿತ್ರ ಅಂದಮೇಲೆ ನಿಧಾನ. ಯಾವ ಮಾಡೆಲ್ ಎಷ್ಟು ವೇಗ ತಡೆಯುತ್ತದೆ, ಯಾವುದು ಅರ್ಧಕ್ಕೇ ನಿಲ್ಲುತ್ತದೆ ಅಂತ ಪರೀಕ್ಷೆ ಮಾಡಲು ರಿಪೇರಿಗೆ ಬಂದ ಹಳೇ ಮೆಷಿನ್‌ಗಳನ್ನು ಆ ಹುಡುಗರು ಸುಮ್ನೆ ಬಿಟ್ಟುಕೊಟ್ಟರು. ಪೇಪರ್ ರೋಲ್‌ಗೂ ದುಡ್ಡು ತೆಗೆದುಕೊಳ್ಳಲಿಲ್ಲ. 'ಪುಂಡಿ ಪಲ್ಯ' ಅಂತ ಮೊದಲ ಸಲ ಸ್ಪಷ್ಟವಾಗಿ ಬಂದ ಚೀಟಿ ಅವರ ಅಂಗಡಿಯ ಗೋಡೆ ಮೇಲೇ ಇದೆ.

ನಮಗೆ ದಾರಿ ಮಾಡಿಕೊಟ್ಟ ಇನ್ನೊಂದನ್ನು ಮರೆಯಬಾರದು. 2016ರಲ್ಲಿ ಯುಪಿಐ ಬಂತು. 2020ರ ಜನವರಿಯಿಂದ ಯುಪಿಐ ಪಾವತಿಗೆ ಅಂಗಡಿಯವರಿಂದ ಎಂಡಿಆರ್, ಅಂದರೆ ಪ್ರತಿ ಪಾವತಿಯಲ್ಲಿ ಬ್ಯಾಂಕಿನವರು ಕಡಿದುಕೊಳ್ಳುವ ಶುಲ್ಕ, ತೆಗೆದುಕೊಳ್ಳುವುದು ನಿಂತಿತು. ಅರವತ್ತು ರೂಪಾಯಿ ಊಟ ಮಾರುವವರಿಗೆ ಒಂದೆರಡು ರೂಪಾಯಿ ಕಡಿತವೂ ದೊಡ್ಡದೇ. ಆರ್ಡರ್‌ಗೆ ಇಷ್ಟು ಅಂತ ಕಮಿಷನ್ ತೆಗೆಯದೆ, ತಿಂಗಳಿಗೆ ಒಂದೇ ಬಾಡಿಗೆ ಅಂತ ನಾವು ಇಟ್ಟಿದ್ದೂ ಅದಕ್ಕೇ. ಹೆಚ್ಚು ದುಡಿದವರು ನಮಗೆ ಹೆಚ್ಚು ಯಾಕೆ ಕೊಡಬೇಕು? ಗಿರಾಕಿ ಅವರದು, ಗಿರಾಕಿಯ ನಂಬರೂ ಅವರ ಹತ್ತಿರವೇ ಇರಬೇಕು. ಈ ಮಾತಿನಲ್ಲಿ ನಮ್ಮನ್ನು ನಂಬಿ ಪಕ್ಕದ ಹೋಟೆಲ್‌ಗೂ ಹೇಳಿದ ಪ್ರತಿ ಮಾಲೀಕರಿಗೂ ಶರಣು. ನಾವು ಜಾಹೀರಾತು ಮಾಡಿದ್ದು ಕಮ್ಮಿ, ನಮ್ಮ ಪರವಾಗಿ ನೀವು ಮಾತಾಡಿದ್ದೇ ಜಾಸ್ತಿ.

ಮೇ ತಿಂಗಳ 42, 43 ಡಿಗ್ರಿ ಬಿಸಿಲಿನಲ್ಲಿ ಬೈಕ್ ಓಡಿಸಿದ ತಮ್ಮಂದಿರೇ, "ಅಪ್ಪನ ಕೆರೆ ಹತ್ರ, ನೀಲಿ ಗೇಟು" ಅನ್ನುವ ಅಡ್ರೆಸ್ ಹಿಡಿದು ಬಿಸಿ ಊಟ ಮುಟ್ಟಿಸಿದವರು ನೀವು. ಅಡ್ರೆಸ್ ಜೊತೆಗೆ ಗುರುತು ಬರೆಯಲು ದೊಡ್ಡ ಜಾಗ ಇಟ್ಟದ್ದು ನಿಮ್ಮ ಮಾತು ಕೇಳಿಯೇ.

ನಮ್ಮ ಆಫೀಸಿನ ಹುಡುಗ ಹುಡುಗಿಯರಿಗೆ ಏನು ಹೇಳಲಿ? ಬೆಂಗಳೂರು, ಹೈದರಾಬಾದ್‌ಗೆ ಹೋಗಿದ್ದರೆ ನಿಮಗೆ ಇದಕ್ಕಿಂತ ಜಾಸ್ತಿ ಸಂಬಳ ಸಿಗುತ್ತಿತ್ತು. ಇಲ್ಲೇ ನಿಂತಿರಿ. ನಿಮ್ಮನ್ನು ಇಲ್ಲೇ ಇರಲು ಬಿಟ್ಟ ನಿಮ್ಮ ತಂದೆ ತಾಯಿಯರಿಗೆ ನನ್ನ ನಮಸ್ಕಾರ ಮುಟ್ಟಿಸಿ.

ಕೊನೆಯದಾಗಿ ಮುಸ್ಲಿಂ ಚೌಕ್‌ನಲ್ಲಿ ತಹರಿ ಅನ್ನುವ ಮಸಾಲೆ ಅನ್ನ ಮಾರುವ ಚಾಚಾ ಅವರಿಗೆ. ಕನ್ನಡ ಚೀಟಿ ನೋಡಿ ಖುಷಿಪಟ್ಟು, "ನಮ್ಮ ಬಾವರ್ಚಿ ಉರ್ದು ಓದ್ತಾನ, ಅವನಿಗೂ ಒಂದು ಮಾಡ್ರಿ" ಅಂದಿದ್ದಿರಿ. ಆ ಕೆಲಸ ನಡೆದಿದೆ ಚಾಚಾ. ಉರ್ದು ಬಲದಿಂದ ಎಡಕ್ಕೆ ಹೋಗುತ್ತದೆ, ಪ್ಲೇಟ್ ಲೆಕ್ಕದ ಅಂಕಿ ಎಡದಿಂದ ಬಲಕ್ಕೆ. ಎರಡನ್ನೂ ಒಂದೇ ಸಾಲಿನಲ್ಲಿ ಕೂಡಿಸುವುದಷ್ಟೇ ಬಾಕಿ ಇದೆ. ರಂಜಾನ್‌ ರಾತ್ರಿಗಳ ಗದ್ದಲ ಶುರುವಾಗುವ ಮೊದಲು ನಾವೇ ಬಂದು ನಿಮ್ಮ ಅಡುಗೆಮನೆಯಲ್ಲಿ ಅದನ್ನು ಹಾಕಿಕೊಡುತ್ತೇವೆ.