ಬೊಡ್ಡಜ್ಜನಿಲ್ಲದ ಆಟಿ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಮ್ಮ ಬೊಡ್ಡಜ್ಜ ತೀರಿಕೊಂಡ ಸುದ್ದಿ ಕೇಳಿ ಅಂದು ಫೋನಿನಲ್ಲಿ ನೀನು "ಏನಾಯಿತು, ಹೇಗಾಯಿತು" ಎಂದು ಕೇಳಿದಾಗ ನನಗೆ ಮಾತೇ ಹೊರಡಲಿಲ್ಲ. ಆಮೇಲೆ ಬರೆಯುತ್ತೇನೆ ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ಪುಣೆಯಿಂದ ಹೊರಟರೂ ಮುಖ ನೋಡಲು ಸಿಗದೆಂದು ನೀನು ಅಲ್ಲೇ ಉಳಿದೆಯಲ್ಲ, ಆ ಕೊರಗು ನಿನ್ನನ್ನು ಇನ್ನೂ ಬಿಟ್ಟಿಲ್ಲವೆಂದು ನನಗೆ ಗೊತ್ತು. ಎರಡು ತಿಂಗಳಾದ ಮೇಲೆ ಈಗ ಬರೆಯುತ್ತಿದ್ದೇನೆ.

ಆದದ್ದು ಇಷ್ಟೇ. ಮೇ ತಿಂಗಳ ಕೊನೆಯ ವಾರ, ಮಳೆ ಹಿಡಿದಿತ್ತು. ಸಂಜೆ ದೇವರಿಗೆ ದೀಪ ಹಚ್ಚಿ, ಊಟ ಮುಗಿಸಿ ಜಗಲಿಯಲ್ಲಿ ಕುಳಿತವನು ಎದೆ ಹಿಡಿದುಕೊಂಡನಂತೆ. ನೆರೆಮನೆಯವರ ಕಾರಿನಲ್ಲಿ ಮಂಗಳೂರಿಗೆಂದು ಹೊರಟರು. ತಲಪಾಡಿ ದಾಟುವ ಮೊದಲೇ ಜೀವ ಹೋಗಿತ್ತು. ಅತ್ತಿಗೆಯ ಮಡಿಲಲ್ಲಿ ತಲೆಯಿತ್ತು.

ಹದಿಮೂರರ ದಿನ ಅಂಗಳ ತುಂಬ ಜನ. ಊಟದ ಬಳಿಕ ವೀಳ್ಯ ಹಾಕುತ್ತ ಕುಳಿತವರಲ್ಲಿ ಕೆಲವರು "ಎಂಥ ದೈವಭಕ್ತ, ಒಂದು ದಿನ ಪೂಜೆ ತಪ್ಪಿಸಿದವನಲ್ಲ" ಎಂದರೆ, ಇನ್ನು ಕೆಲವರು "ಅವನಿದ್ದಲ್ಲಿ ನಗುವಿಗೆ ಬರವಿರಲಿಲ್ಲ" ಎಂದರು. ಎರಡೂ ನಿಜವೇ. ಆದರೆ ಇಬ್ಬರು ಬೇರೆ ಬೇರೆ ಮನುಷ್ಯರನ್ನು ಕುರಿತು ಮಾತನಾಡುತ್ತಿದ್ದಾರೆಂಬಂತೆ ನನಗೆ ಕೇಳಿಸಿತು, ಮನಸ್ಸಿಗೆ ಕಸಿವಿಸಿಯಾಯಿತು. ಅವನ ಭಕ್ತಿಯೂ ತಮಾಷೆಯೂ ಒಂದೇ ಕೊಡದ ನೀರೆಂಬುದು ನಿನಗೂ ನನಗೂ ಗೊತ್ತಿರುವಷ್ಟು ಇನ್ನಾರಿಗೆ ಗೊತ್ತು? ನೀರ್ಚಾಲಿನಲ್ಲಿ ಓದುತ್ತಿದ್ದಾಗ ಅವನಿಗೆ "ಬೊಡ್ಡಜ್ಜ" ಎಂದು ಹೆಸರಿಟ್ಟವನೇ ನೀನಲ್ಲವೇ?

ನಮ್ಮ ಮಧೂರು ದೇವಸ್ಥಾನದ ಕಥೆ ನಿನಗೆ ಹೊಸತಲ್ಲ. ಅಲ್ಲಿನ ಶಿವ, ಮದನಂತೇಶ್ವರನ ಗರ್ಭಗುಡಿಯ ಗೋಡೆಯಲ್ಲಿ ಬ್ರಾಹ್ಮಣ ಬಾಲಕನೊಬ್ಬ ಆಟಕ್ಕೆಂದು ಗಣಪತಿಯ ಚಿತ್ರ ಬಿಡಿಸಿದನೆಂದೂ, ಅದು ದಿನದಿನಕ್ಕೆ ಉಬ್ಬಿ ದಪ್ಪವಾಗುತ್ತ ಹೋದದ್ದನ್ನು ಕಂಡು ಅವನೇ ಅದನ್ನು ಬೊಡ್ಡಜ್ಜನೆಂದು ಕರೆದನೆಂದೂ ನಮ್ಮ ಹಿರಿಯರು ಹೇಳುತ್ತಿದ್ದರು. ಹೊಟ್ಟೆ ಮುಂದಿಟ್ಟುಕೊಂಡು ನಡೆಯುತ್ತಿದ್ದ ನಮ್ಮವನಿಗೆ ಆ ಹೆಸರು ಅಂಟಿಕೊಂಡಾಗ ಅವನು ಮುನಿಸಿಕೊಳ್ಳಲಿಲ್ಲ, ಹಿಗ್ಗಿದ. "ಮಂತ್ರ ಹೇಳಿ ಕರೆದದ್ದಕ್ಕೆ ಬಂದ ದೇವರಲ್ಲ ಮಾರಾಯ, ಮಗು ಆಡುತ್ತಿದೆಯೆಂದು ಬಂದು ಕುಳಿತ ದೇವರು" ಎಂದು ಅವನು ಎಷ್ಟು ಸಲ ಹೇಳಿಲ್ಲ! ದೊಡ್ಡವನಾಗಿ, ಮಧುವಾಹಿನಿಯ ದಡದಲ್ಲಿ ನನ್ನೊಡನೆ ಕುಳಿತು ಅದನ್ನೇ ಹೇಳುವಾಗ ಅವನ ಕಣ್ಣಂಚು ಒದ್ದೆಯಾಗುತ್ತಿತ್ತು.

1992ರ ಮೂಡಪ್ಪ ಸೇವೆ ನೆನಪಿದೆಯೇ? ಗಣಪತಿಯನ್ನು ಅಪ್ಪದಿಂದ ಮುಚ್ಚುತ್ತಾರೆಂದು ತಿಳಿದದ್ದೇ "ಅಜ್ಜನಿಗೆ ಉಸಿರು ಕಟ್ಟುವುದಿಲ್ಲವೇ" ಎಂದು ಅವನು ಕೇಳಿದ. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವನು ಕೇಳಿದ್ದು ನಿಜವಾದ ಕಾಳಜಿಯಿಂದಲೆಂದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ. 33 ವರ್ಷಗಳ ಬಳಿಕ, ಈ 2025ರ ಬ್ರಹ್ಮಕಲಶ ಮತ್ತು ಮೂಡಪ್ಪ ಸೇವೆಯ ಹೊತ್ತಿಗೆ ಅವನು ತೋಟದ ಕೆಲಸವನ್ನೆಲ್ಲ ಬದಿಗಿಟ್ಟು ಅಲ್ಲಿಯೇ ಇದ್ದ. ರಾತ್ರಿ ತರಕಾರಿ ಕೊರೆಯುವಲ್ಲಿ ಸಾಲಾಗಿ ಮೆಟ್ಟುಕತ್ತಿ ಇಟ್ಟುಕೊಂಡು ಕುಳಿತವರ ನಡುವೆ ಇವನ ಮಾತಿನಿಂದಾಗಿ ಯಾರಿಗೂ ನಿದ್ದೆ ಬರುತ್ತಿರಲಿಲ್ಲ. ಕುಂಬಳಕಾಯಿಯೊಂದನ್ನು ಎತ್ತಿ ತನ್ನ ಹೊಟ್ಟೆಗೆ ಅಳತೆ ಹಿಡಿದು, ಅಜ್ಜನ ಸನ್ನಿಧಿಯಲ್ಲಿ ಸ್ಪರ್ಧೆಗೆ ನಿಲ್ಲಬಾರದೆಂದು ಅದರ ಕಿವಿಯಲ್ಲಿ ಬುದ್ಧಿ ಹೇಳಿದ. ಬೆಳಗಿನ ಜಾವ ಎಲ್ಲರೂ ಎದ್ದ ಮೇಲೆ ಅವನೊಬ್ಬನೇ ನೆಲ ಗುಡಿಸಿ, ಸಿಪ್ಪೆ ಒಟ್ಟುಮಾಡಿ, ಸ್ನಾನಕ್ಕೆ ಹೋದ. ಹೀಗೆ ಕೊನೆಯಲ್ಲಿ ಉಳಿದು ಗುಡಿಸುವುದು ಅವನ ಅಭ್ಯಾಸವಾಗಿತ್ತು, ಮದುವೆಮನೆಯಲ್ಲೂ ಹಾಗೆಯೇ.

ಗಂಡನಾಗಿ ಅವನು ಹೇಗಿದ್ದನೆಂಬುದನ್ನು ನೀನು ದೂರದಿಂದ ಕಂಡದ್ದು ಕಡಿಮೆ, ಅದಕ್ಕಾಗಿ ಬರೆಯುತ್ತೇನೆ. ಬೆಳಗ್ಗಿನ ಪೂಜೆ ಮುಗಿಸಿ ತೀರ್ಥ ಕೊಡಲು ಅತ್ತಿಗೆಯನ್ನು ದಿನಕ್ಕೊಂದು ಪಾತ್ರದ ಹೆಸರಿನಿಂದ ಕರೆಯುತ್ತಿದ್ದ. "ದ್ರೌಪದೀ" ಎಂದರೆ ಮಧ್ಯಾಹ್ನ ಊಟಕ್ಕೆ ಹೇಳದೆ ನಾಲ್ವರು ಬರುವವರಿದ್ದಾರೆ, ಅಕ್ಷಯಪಾತ್ರೆ ತೊಳೆದಿಡಬೇಕು. "ಮಂಡೋದರೀ" ಎಂದರೆ ಅವಳ ಮಾತು ಕೇಳದೆ ಎಲ್ಲಿಯೋ ಎಡವಟ್ಟು ಮಾಡಿಕೊಂಡು ಬಂದಿದ್ದಾನೆ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವನು ಅಡಿಗೆಮನೆಯ ಬಾಗಿಲಿಗೆ ಬಂದು ನೇರವಾಗಿ ತಪ್ಪೊಪ್ಪಿಕೊಂಡ ನೆನಪಿಲ್ಲವೆಂದೂ, ಮಂಡೋದರಿಯೆಂಬ ಕರೆ ಕೇಳಿದ ಮೇಲೆ ಸಿಟ್ಟು ಉಳಿದ ನೆನಪೂ ಇಲ್ಲವೆಂದೂ ಅತ್ತಿಗೆ ಮೊನ್ನೆ ಹೇಳಿದರು. ಈಗ ಬೆಳಗ್ಗೆ ದೇವರ ಕೋಣೆಯ ಗಂಟೆ ಕೇಳಿದರೆ ಅವರು ಕೆಲಸ ನಿಲ್ಲಿಸಿ ಕಾಯುತ್ತಾರಂತೆ.

ಮಕ್ಕಳೊಡನೆಯೂ ಅವನು ಹೀಗೆಯೇ ಇದ್ದ. ಅಡಿಕೆಗೆ ಮದ್ದು ಬಿಡುವ ದಿನ ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕೊಳೆರೋಗದ ಮದ್ದಾದ ಬೋರ್ಡೋ ದ್ರಾವಣ ಕದಡುತ್ತಿದ್ದ: ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಹೊಳೆಯುವ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ತೆಗೆಯುವುದು ಅವಳ ಕೆಲಸ. ಅಲಗಿನ ಮೇಲೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು. ಕೆಂಪು ಕಾಣದಿದ್ದರೆ ಅವನು ಗಂಭೀರವಾಗಿ "ಮಹಾರಾಣಿಯವರ ಅಪ್ಪಣೆಯಾಯಿತು, ಇನ್ನು ಕೊಳೆರೋಗಕ್ಕೆ ಗಡಿಪಾರು" ಎಂದು ಸಾರಿ, ಆಮೇಲೆ ಪಂಪಿಗೆ ಕೈಮುಗಿಯುತ್ತಿದ್ದ. ಈ ಸಲ ಅವಳು ಒಬ್ಬಳೇ ಕತ್ತಿ ಅದ್ದಿದಳು.

ವೇಷ, ಕುಣಿತವಿಲ್ಲದೆ ಕುಳಿತು ಹಾಡು ಮಾತುಗಳಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಯ ಮಾತು ಬರೆಯದಿದ್ದರೆ ಈ ಪತ್ರಕ್ಕೆ ಅರ್ಥವಿಲ್ಲ. ಯಕ್ಷಗಾನದ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆಯ ಸೀಮೆಯವರಾದ ನಮಗೆ ಅದು ಹಾಲಿನೊಡನೆ ಬಂದದ್ದು. ಕೃಷ್ಣ ಸಂಧಾನದ ಪ್ರಸಂಗವಿದ್ದರೆ ಇವನು ವಿದುರನ ಅರ್ಥವನ್ನಲ್ಲದೆ, ಎಂದರೆ ವಿದುರನಾಗಿ ಮಾತಾಡುವುದನ್ನಲ್ಲದೆ, ಬೇರೆಯದನ್ನು ಕೇಳುತ್ತಿರಲಿಲ್ಲ. ಕೌರವನ ಅರಮನೆಯ ಭೋಜನ ಬಿಟ್ಟು ಕೃಷ್ಣ ತನ್ನ ಮನೆಯ ಬಾಗಿಲಿಗೆ ಬಂದು ನಿಂತಾಗ, ವಿದುರನಾದ ನಮ್ಮ ಬೊಡ್ಡಜ್ಜ ಗಾಬರಿಯಿಂದ "ಸ್ವಾಮೀ, ಹದಿನಾಲ್ಕು ಲೋಕ ಹಿಡಿಸುವ ನಿನ್ನ ಹೊಟ್ಟೆಗೆ ನನ್ನ ಮನೆಯಲ್ಲಿರುವುದು ಒಂದು ಕುಡುತೆ ಹಾಲು, ಅಳತೆ ಮೊದಲೇ ಹೇಳಿಕಳುಹಿಸಬಾರದಿತ್ತೇ?" ಎನ್ನುತ್ತಿದ್ದ. ಸಭೆ ಗೊಳ್ಳೆಂದು ನಗುತ್ತಿತ್ತು. ಆ ನಗು ಇಳಿಯುವ ಮೊದಲೇ ಸ್ವರ ತಗ್ಗಿಸಿ "ಅದನ್ನೂ ನೀನೇ ಕೊಟ್ಟದ್ದು" ಎಂದಾಗ ಸೂಜಿ ಬಿದ್ದರೆ ಕೇಳಿಸುವಷ್ಟು ಮೌನ. ಅವನು ದೇವರಿಗಲ್ಲದೆ ಇನ್ನಾರಿಗೂ ಆ ಮಾತು ಹೇಳುತ್ತಿರಲಿಲ್ಲ, ಎದುರಿಗೆ ಕುಳಿತ ಕೃಷ್ಣನ ಅರ್ಥಧಾರಿಗೂ ಅಲ್ಲ ಎಂದು ನನಗೆ ಪ್ರತಿಸಲವೂ ಅನಿಸಿದೆ.

ಮೊನ್ನೆ ಆಟಿ ತಿಂಗಳ ಅಮಾವಾಸ್ಯೆ, ಹಾಲೆಮರದ ತೊಗಟೆಯ ಕಷಾಯ ಕುಡಿಯುವ ದಿನ. ಹಿಂದಿನ ಸಂಜೆಯೇ ಹಾಲೆಮರವನ್ನು ಗುರುತಿಸಿ ದಾರ ಕಟ್ಟಿ ಬರುವುದು ಅವನ ಕ್ರಮ. ಕತ್ತಲೆಯಲ್ಲಿ ಮರ ತಪ್ಪಿದರೆ ವಿಷವಾದೀತು. ಈ ವರ್ಷ ಮಗ ನನ್ನನ್ನು ಕರೆದುಕೊಂಡು ಹೋಗಿ ದಾರ ಕಟ್ಟಿದ. ಬೆಳಕು ಹರಿಯುವ ಮುಂಚೆ ಕಲ್ಲಿನಿಂದ ಜಜ್ಜಿ ಕೆತ್ತೆ ತಂದ. ಅತ್ತಿಗೆ ಅರೆದು ಹಿಂಡಿ, ಓಮ, ಕರಿಮೆಣಸು, ಬೆಳ್ಳುಳ್ಳಿ ಸೇರಿಸಿ, ಕಾಯಿಸಿದ ಬೆಣಚುಕಲ್ಲನ್ನು ಚುಂಯ್ಯೆಂದು ಅದ್ದಿದರು. ಎಲ್ಲರ ಕೈಯಲ್ಲೂ ಲೋಟ, ಯಾರೂ ಕುಡಿಯಲಿಲ್ಲ. ಕಹಿ ನುಂಗುವ ಮುನ್ನ ಅವನು ನಂಜುಂಡನಿಗೆ ಕೈಮುಗಿದು "ನಿನ್ನದು ಒಂದೇ ಸಲ, ನಮ್ಮದು ವರ್ಷ ವರ್ಷ" ಎಂದು ದೂರುತ್ತಿದ್ದನಲ್ಲ, ಆ ಮಾತಿಗಾಗಿ ನಾವೆಲ್ಲ ಕಾಯುತ್ತಿದ್ದೆವು. ಕೊನೆಗೆ ಮಗಳು ಅದನ್ನು ಅಪ್ಪನದೇ ಧಾಟಿಯಲ್ಲಿ ಹೇಳಿ ಒಂದೇ ಗುಟುಕಿಗೆ ಕುಡಿದಳು. ಅತ್ತಿಗೆ ಒಳಗೆ ಹೋಗಿ ಮೆಂತೆಗಂಜಿಯ ಪಾತ್ರೆ ತರಲು ತುಂಬ ಹೊತ್ತು ತೆಗೆದುಕೊಂಡರು. ತಂದಾಗ ಮುಖ ತೊಳೆದಿದ್ದರು, ಬಡಿಸುವಾಗ ನಕ್ಕರು.

ಒಂದು ಕೆಲಸ ನಿನ್ನಿಂದಾಗಬೇಕು. ನೀನು ಊರು ಬಿಡುವ ಹಿಂದಿನ ವರ್ಷ ಟೇಪ್‌ರೆಕಾರ್ಡರಿನಲ್ಲಿ ಹಿಡಿದ ಸಂಧಾನದ ಕ್ಯಾಸೆಟ್ ನಿನ್ನ ಬಳಿ ಇದೆಯೆಂದು ಅವನು ಹೇಳುತ್ತಿದ್ದ. ಅವನ ವಿದುರ ಇರುವುದು ಅದೊಂದರಲ್ಲೇ. ಅಂಚೆಗೆ ಹಾಕಬೇಡ, ಅಲ್ಲಿಯೇ ಯಾರಿಂದಲಾದರೂ ಫೋನಿಗೆ ಇಳಿಸಿ ಕಳುಹಿಸು, ಕ್ಯಾಸೆಟ್ಟನ್ನು ನೀನು ಬರುವಾಗಲೇ ತಾ. ಸಭೆ ನಗುವುದನ್ನೂ ಕತ್ತರಿಸದೆ ಇಡಬೇಕೆಂದು ಅತ್ತಿಗೆ ಹೇಳಿಕಳುಹಿಸಿದ್ದಾರೆ.

ಇತಿ ನಿನ್ನ ಗೆಳೆಯ,
ಬದಿಯಡ್ಕದಿಂದ