ದುರ್ಯೋಧನನ ಪಾತ್ರ ಮತ್ತು ನಿನ್ನ ತಾತ

ಪುಟ್ಟಿ,

ಫೋನಿನಲ್ಲಿ ಹೇಳಲು ಹೊರಟರೆ ನೀನು ನಡುವೆಯೇ ‘ಆಮೇಲೆ?’ ಎಂದು ಅವಸರ ಮಾಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ, ನಿಧಾನವಾಗಿ ಓದು.

ಹೋದ ಭಾನುವಾರ ರವೀಂದ್ರ ಕಲಾಕ್ಷೇತ್ರದಲ್ಲಿ ಕುರುಕ್ಷೇತ್ರ ನಾಟಕ ನೋಡಿದೆ. ನಮ್ಮ ಬ್ಯಾಂಕಿನ ಅಟೆಂಡರ್ ಶಕುನಿಯ ಪಾತ್ರ ಮಾಡಿದ್ದರು. ಪಾತ್ರಧಾರಿಗಳೆಲ್ಲರ ಫೋಟೊ ಅಚ್ಚಾಗಿದ್ದ ಕರಪತ್ರವನ್ನು ಮೇಜಿನ ಮೇಲಿಟ್ಟು, ‘ಮೇಡಂ, ಬರಲೇಬೇಕು’ ಎಂದು ಕೈಮುಗಿದಿದ್ದರು. ಅರ್ಧ ಗಂಟೆ ಕುಳಿತು, ಮುಖ ತೋರಿಸಿ ಎದ್ದು ಬರುವ ಲೆಕ್ಕಾಚಾರ ನನ್ನದು. ಹೋದದ್ದು ಬೆಳಗ್ಗೆ, ಹೊರಗೆ ಬಂದಾಗ ಬೀದಿದೀಪ ಹೊತ್ತಿದ್ದವು.

ನೀನು ನೋಡಿರುವ ನಾಟಕಗಳೇ ಬೇರೆ, ಇವೇ ಬೇರೆ. ಇಲ್ಲಿ ಆಡುವವರು ರೈತರು, ಬಸ್ ಕಂಡಕ್ಟರುಗಳು, ಪೊಲೀಸರು, ಶಾಲಾ ಮೇಷ್ಟ್ರುಗಳು. ಪಾತ್ರ ಮಾಡಿದ್ದಕ್ಕೆ ಯಾರಿಗೂ ಸಂಬಳವಿಲ್ಲ. ಪಾತ್ರ ಬೇಕೆಂದವನೇ ದುಡ್ಡು ಕಟ್ಟಬೇಕು. ಸೀನರಿಯ ಬಾಡಿಗೆ, ಕಿರೀಟ, ಗದೆ, ಬಣ್ಣ, ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ, ದ್ರೌಪದಿ, ಕುಂತಿಯರಾಗಿ ಬರುವ ಕಲಾವಿದೆಯರ ಸಂಭಾವನೆ, ಎಲ್ಲವೂ ಆ ದುಡ್ಡಿನಿಂದಲೇ. ಹಾಡು ಹೆಚ್ಚಿದ್ದಷ್ಟೂ ಪಾತ್ರದ ಬೆಲೆ ಏರುತ್ತದೆ. ಹಾಗಾಗಿ ದುರ್ಯೋಧನ, ಕೃಷ್ಣ, ಕರ್ಣ ಉಳ್ಳವರ ಪಾಲು. ವಿದುರ, ಸಾತ್ಯಕಿಗಳು ಅಗ್ಗ.

ನಿನ್ನ ತಾತ ವಿದುರ.

ನಗಬೇಡ. ನಿನಗೆ ನೆನಪಿರುವ ತಾತ ಜಗಲಿಯ ಮೇಲೆ ಕುಳಿತು, ಕೇಳಿದ್ದಕ್ಕಷ್ಟೇ ‘ಹೂಂ’ ಎನ್ನುತ್ತಿದ್ದ ಮುದುಕ. ನನಗೆ ಗೊತ್ತಿದ್ದ ಅಪ್ಪ ಕಬ್ಬಿಗೆ ನೀರು ಕಟ್ಟುತ್ತ ಅಕ್ಕಪಕ್ಕದ ಗದ್ದೆಯವರಿಗೂ ಕೇಳುವಂತೆ ಕಂದಪದ್ಯ ಹೇಳುತ್ತಿದ್ದ ಮನುಷ್ಯ. ಸುಗ್ಗಿ ಮುಗಿದೊಡನೆ ತುಮಕೂರಿನ ಕಡೆಯಿಂದ ಡ್ರಾಮಾ ಮೇಷ್ಟ್ರು ಬರುತ್ತಿದ್ದರು. ದಿನಕ್ಕೊಂದು ಮನೆಯಲ್ಲಿ ಅವರಿಗೆ ಊಟ. ರಾತ್ರಿ ದೇವಸ್ಥಾನದ ಮಂಟಪದಲ್ಲಿ ಕಾಲು ಹಾರ್ಮೋನಿಯಂ ಮುಂದೆ ಅವರು ಕುಳಿತರೆಂದರೆ ಊರ ಪಟೇಲನೂ ಎದ್ದು ನಿಲ್ಲಬೇಕು. ಪಟೇಲನೇ ದುರ್ಯೋಧನ. ದುಡ್ಡು ಕೊಟ್ಟಿದ್ದ, ಶ್ರುತಿ ಮಾತ್ರ ಅವನ ಮಾತು ಕೇಳುತ್ತಿರಲಿಲ್ಲ. ಒಂದೇ ಸಾಲನ್ನು ಮೇಷ್ಟ್ರು ಮತ್ತೆ ಮತ್ತೆ ಹೇಳಿಸಿ, ಕೊನೆಗೆ ಬೇಸತ್ತು ಬೀಡಿ ಹಚ್ಚುತ್ತಿದ್ದರು. ಮೂಲೆಯಲ್ಲಿ ಕಂಬಕ್ಕೆ ಒರಗಿ ಕೂತ ಅಪ್ಪ ತುಟಿ ಅಲ್ಲಾಡಿಸುತ್ತ ಅದೇ ಸಾಲು ಹೇಳಿಕೊಳ್ಳುತ್ತಿದ್ದುದನ್ನು ಕಂಡಿದ್ದೇನೆ.

ಈ ಮೇಷ್ಟ್ರುಗಳ ಬಗ್ಗೆ ಯಾರಾದರೂ ದೊಡ್ಡ ಪುಸ್ತಕ ಬರೆಯಬೇಕು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. 1930ರ ದಶಕದಲ್ಲಿ ಗುಬ್ಬಿ ವೀರಣ್ಣನವರ ಕಂಪನಿ ಕುರುಕ್ಷೇತ್ರವನ್ನು ಆಡಿದಾಗ ರಂಗದ ಮೇಲೆ ನಿಜವಾದ ಆನೆ, ಕುದುರೆಗಳೇ ಬಂದಿದ್ದವು. ಅಂಥ ಕಂಪನಿಗಳು ಒಂದೊಂದಾಗಿ ಸೊರಗಿದಾಗ ಆನೆ, ಕುದುರೆ ಹೋದವು, ಪರದೆ ಹರಿದವು, ಮಟ್ಟುಗಳು ಮಾತ್ರ ಮೇಷ್ಟ್ರುಗಳ ಜೊತೆ ಹಳ್ಳಿಗೆ ಬಂದವು. ಕರ್ನಾಟಕ ಸಂಗೀತದ ಮೋಹನ, ಕಲ್ಯಾಣಿಗಳ ಪಕ್ಕದಲ್ಲೇ ಮರಾಠಿ ನಾಟಕದವರ ಧಾಟಿ, ಪಾರ್ಸಿ ಕಂಪನಿಯವರ ಧಾಟಿ. ಸಂಗೀತ ಕಚೇರಿಯ ಮೆಟ್ಟಿಲು ಹತ್ತದ ನಮ್ಮೂರಿನವರು ಹಿಂದೋಳ ಕೇಳಿ ‘ಇದು ಕರ್ಣ ಅಳುವ ರಾಗ’ ಎನ್ನುತ್ತಿದ್ದರು. ಶಾಸ್ತ್ರ ಬಲ್ಲವರು ನಗಲಿ, ನನಗೆ ಇವತ್ತಿಗೂ ಹಿಂದೋಳವೆಂದರೆ ಅದೇ.

ನಾಟಕದ ರಾತ್ರಿ ನಿನ್ನ ಅಜ್ಜಿ ಚಾಪೆ, ಕಂಬಳಿ ಹೊತ್ತುಕೊಂಡು ಹೊತ್ತಿಗೆ ಮೊದಲೇ ಹೋಗಿ ಜಾಗ ಹಿಡಿಯುತ್ತಿದ್ದಳು. ರಂಗದ ನಡುವೆ ಇಳಿಬಿಟ್ಟ ಒಂದೇ ಮೈಕು. ಯುದ್ಧ ಮಾಡುವವರೂ ಗದೆ ಹಿಡಿದು ಅದರ ಕೆಳಗೇ ಬಂದು ನಿಲ್ಲಬೇಕು. ಸತ್ತು ಬಿದ್ದ ಅಭಿಮನ್ಯುವಿಗೆ ಜನ ‘ವನ್ಸ್ ಮೋರ್’ ಎಂದರೆ ಎದ್ದು ಹಾಡಿ ಮತ್ತೆ ಸಾಯುತ್ತಿದ್ದ. ಯಾರಿಗೂ ಅದು ಅಭಾಸ ಅನ್ನಿಸುತ್ತಿರಲಿಲ್ಲ. ಸಂಧಾನಕ್ಕೆ ಬಂದ ಕೃಷ್ಣ ಅರಮನೆ ಬಿಟ್ಟು ವಿದುರನ ಮನೆಗೆ ಬರುತ್ತಾನಲ್ಲ, ಅದು ಅಪ್ಪನ ದೃಶ್ಯ. ಬಿಳಿ ಗಡ್ಡ, ಹೆಗಲ ಮೇಲೆ ಶಾಲು. ಬಣ್ಣದ ಒಳಗಿರುವುದು ಅಪ್ಪ ಎಂದು ನನಗೆ ಗೊತ್ತಾದದ್ದು ಅವನು ಬಾಯಿ ತೆರೆದ ಮೇಲೆಯೇ. ಮನೆಯಲ್ಲಿರುವುದು ಒಂದು ಕುಡಿತೆ ಹಾಲು, ಅದನ್ನು ದೇವರಿಗೆ ಹೇಗೆ ಕೊಡಲಿ ಎನ್ನುವ ಹಾಡು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, ‘ಹಾಲು ಕರೆಯುವವಳು ನಾನು, ಹಾಡುವವರು ಇವರು’ ಎಂದು ಗೊಣಗಿದ್ದಳು.

ಭಾನುವಾರ ಅದೇ ಹಾಡು ಬಂತು, ಪುಟ್ಟಿ. ಪದಗಳು ಅಲ್ಲಲ್ಲಿ ಬೇರೆ, ಮಟ್ಟು ಅದೇ. ವಿದುರನಾಗಿದ್ದವರಿಗೆ ದಮ್ಮು ಸಾಲದು, ಮೇಲಿನ ಷಡ್ಜ ಮುಟ್ಟುವಾಗ ಧ್ವನಿ ಒಡೆಯಿತು. ಹಾರ್ಮೋನಿಯಂ ಪಕ್ಕದಲ್ಲಿ ರಿದಂ ಪ್ಯಾಡ್ ಇಟ್ಟುಕೊಂಡವನೊಬ್ಬ ತಬಲಾ ಇದ್ದರೂ ಡಬಡಬ ಬಡಿಯುತ್ತಿದ್ದ. ಅವನ ಮೇಲೆ ನನಗೆ ಇನ್ನೂ ಸಿಟ್ಟಿದೆ. ಆದರೂ ಎರಡನೆಯ ಸಾಲಿಗೆ ನಾನು ಬಾಯಿಬಿಟ್ಟು ಹಾಡುತ್ತಿದ್ದೆನಂತೆ. ಪಕ್ಕದ ಸೀಟಿನ ಹೆಂಗಸು ತಿರುಗಿ, ‘ನಿಮ್ಮವರು ಯಾವ ಪಾತ್ರ?’ ಎಂದರು. ‘ವಿದುರ’ ಎಂದೆ. ರಂಗದ ಮೇಲಿದ್ದವರೇ ನನ್ನ ಯಜಮಾನರೆಂದುಕೊಂಡರೋ ಏನೋ, ‘ಪರವಾಗಿಲ್ಲ, ಚೆನ್ನಾಗೇ ಹಾಡುತ್ತಿದ್ದಾರೆ’ ಎಂದು ಸಮಾಧಾನ ಮಾಡಿದರು!

ಮನೆಗೆ ಬಂದು ಅಟ್ಟದ ಟ್ರಂಕಿನಿಂದ ತಾತನ ನಾಟಕದ ಪುಸ್ತಕ ತೆಗೆದೆ. ಲೆಕ್ಕದ ನೋಟ್ ಬುಕ್ಕು, ಅಂಚು ಹುಳ ತಿಂದಿದೆ. ವಿದುರನ ಮಾತು, ಹಾಡು ಮೊದಲ ಕೆಲವು ಹಾಳೆಗಳಲ್ಲೇ ಮುಗಿಯುತ್ತವೆ. ಅಲ್ಲಿಂದ ಕೊನೆಯವರೆಗೆ ಇರುವುದೆಲ್ಲ ದುರ್ಯೋಧನ. ಒಂದು ಸಾಲೂ ಬಿಟ್ಟಿಲ್ಲ. ಪ್ರತಿ ಹಾಡಿನ ತಲೆಯ ಮೇಲೆ ರಾಗ, ತಾಳ. ಉಸಿರು ತೆಗೆದುಕೊಳ್ಳಬೇಕಾದ ಕಡೆ ಕೆಂಪು ಶಾಯಿಯ ಗೀಟು. ಪಟೇಲ ಸತ್ತ ಮೇಲೂ ಆ ಪಾತ್ರ ಅವನ ಮಗನಿಗೇ ಹೋಯಿತು. ನಿನ್ನ ಅಜ್ಜಿಯ ಓಲೆ ಅಡವಿಟ್ಟಿದ್ದರೆ ತಾತನಿಗೂ ಸಿಗುತ್ತಿತ್ತು. ಅಜ್ಜಿ ಬಿಚ್ಚಿಕೊಡಲು ಬಂದಿದ್ದಳಂತೆ, ತಾತ ಬೇಡವೆಂದರಂತೆ. ಇದನ್ನು ಅಜ್ಜಿ ನನಗೆ ಹೇಳಿದ್ದು ತಾತ ಹೋದ ಮೇಲೆ. ನಾಟಕ ನಿಂತ ಮೇಲೆ ಅವರ ಮಾತೂ ಕಡಿಮೆಯಾಯಿತು ಎಂದು ನಾನು ಹೇಳಿದರೆ ನಿಮ್ಮಪ್ಪ ಒಪ್ಪುವುದಿಲ್ಲ. ವಯಸ್ಸಾಯಿತು, ಅಷ್ಟೇ ಎನ್ನುತ್ತಾರೆ. ಎನ್ನಲಿ.

ಈಗ ನಿನ್ನಿಂದ ಒಂದು ಕೆಲಸವಾಗಬೇಕು. ರಾಗದ ಹೆಸರಿದ್ದ ಮಾತ್ರಕ್ಕೆ ಮಟ್ಟು ಸಿಗುವುದಿಲ್ಲ ಎಂದು ಸಂಗೀತ ಕಲಿತ ನಿನಗೆ ನಾನು ಹೇಳಬೇಕಿಲ್ಲ. ಅಟೆಂಡರನ್ನು ಕೇಳಿದೆ. ಅವರ ಮೇಷ್ಟ್ರಿಗೆ ಹಳೆಯ ಮಟ್ಟುಗಳು ಬಾಯಿಗೆ ಬರುತ್ತವಂತೆ, ಆದರೆ ವಯಸ್ಸಾಗಿದೆ. ಮಾಘದಲ್ಲಿ ಅವರ ಊರಿನ ಜಾತ್ರೆಗೆ ಇದೇ ತಂಡ ನಾಟಕ ಆಡುತ್ತದೆ, ಮೇಷ್ಟ್ರು ಹಿಂದಿನ ದಿನವೇ ಬಂದಿರುತ್ತಾರೆ. ಎರಡು ದಿನ ರಜೆ ಹಾಕಿ ಬಾ. ಪುಸ್ತಕ ನಾನು ತರುತ್ತೇನೆ. ಅವರು ಹೇಳಿಕೊಡಲಿ, ನೀನು ಹಾಡಿ ಮೊಬೈಲಿನಲ್ಲಿ ಹಿಡಿದಿಟ್ಟುಕೋ. ದುರ್ಯೋಧನನ ಹಾಡು ಹೆಂಗಸಿನ ಧ್ವನಿಗೆ ಒಗ್ಗುತ್ತದೆಯೇ ಎಂದು ಕೇಳಬೇಡ, ಶ್ರುತಿ ಏರಿಸಿದರಾಯಿತು.

ಬಯಲಿನಲ್ಲಿ ರಾತ್ರಿಯಿಡೀ ಕೂರಬೇಕು, ಸ್ವೆಟರ್ ತಾ. ಟಿಕೆಟ್ ಮಾಡಿಸಿದ ಕೂಡಲೇ ತಿಳಿಸು, ಮೇಷ್ಟ್ರಿಗೆ ಹೇಳಿಡಬೇಕು.

ನಿನ್ನ
ಅಮ್ಮ