ಅಂಜೂರದ ತಳಿ ಯಾವುದೆಂದು ಬಿಲ್ಲಿನಲ್ಲೇ ಬರೆಯಲಿ

ಮಾನ್ಯ ಸಂಪಾದಕರೇ,

ನಮ್ಮದು ಮುಂಡರಗಿ ತಾಲ್ಲೂಕಿನ ಬಿಸಿಲು ನೆಲ. ಬೋರಿನ ನೀರು ನಂಬಿ ಮೂರು ವರ್ಷದ ಹಿಂದೆ ಒಂದು ಎಕರೆಯಲ್ಲಿ 160 ಅಂಜೂರದ ಸಸಿ ಹಚ್ಚಿದೆ. ಎಲ್ಲವೂ ಡಯಾನಾ ತಳಿ ಎಂದು ನರ್ಸರಿಯವರು ಹೇಳಿದ್ದರು. ಎರಡನೇ ವರ್ಷ ಅಲ್ಲೊಂದು ಇಲ್ಲೊಂದು ಕಾಯಿ ಬಂತು. ಗಿಡ ಇನ್ನೂ ಎಳೆಯದು ಎಂದು ಸುಮ್ಮನಾದೆ. ಈ ಸಲ ಚಾಟನಿ ಮಾಡಿದ (ಕೊಂಬೆ ಸವರಿದ) ಮೇಲೆ ಫಸಲು ಚೆನ್ನಾಗಿ ಹಿಡಿಯಿತು. ಆಗ ಗೊತ್ತಾಯಿತು.

ಡಯಾನಾ ಹಣ್ಣಾದರೂ ಹಸಿರು ಬೆರೆತ ಹಳದಿಯಾಗಿಯೇ ಇರುತ್ತದೆ. ನನ್ನ ಹೊಲದಲ್ಲಿ 48 ಗಿಡಗಳ ಹಣ್ಣು ನೇರಳೆಗೆ ತಿರುಗಿದವು, ಪೂನಾ ಅಂಜೂರದ ಹಾಗೆ. ಪೂನಾ ಕೆಟ್ಟ ತಳಿ ಅಂತ ನಾನು ಹೇಳುತ್ತಿಲ್ಲ. ಪುಣೆ ಜಿಲ್ಲೆಯ ಪುರಂದರದ ರೈತರು ಅದನ್ನೇ ಬೆಳೆದು ಹೆಸರು ಮಾಡಿದ್ದಾರೆ. ಆದರೆ ನಾನು ಕೇಳಿದ್ದು ಅದಲ್ಲ. ಎರಡು ಬಣ್ಣದ ಹಣ್ಣು ಒಂದೇ ಬುಟ್ಟಿಯಲ್ಲಿ ಹುಬ್ಬಳ್ಳಿಗೆ ಹೋದರೆ ದರ ಇಳಿಸಿಯೇ ಮಾತಾಡುತ್ತಾರೆ. ಅಂಜೂರ ಎರಡು ದಿನ ತಾಳುವ ಹಣ್ಣಲ್ಲ, ವಾಪಸ್ ತರೋಕೂ ಆಗಲ್ಲ.

ನರ್ಸರಿಗೆ ಹೋಗಿ ಕೇಳಿದೆ. 'ಮಣ್ಣಿನ ಗುಣಕ್ಕೆ ಬಣ್ಣ ಹಂಗಾಗಿರತೈತ್ರಿ' ಅಂದರು. ಈ ಮಾತನ್ನು ಒಪ್ಪಲಾರೆ. ಬಿಸಿಲು, ನೀರು ಹೆಚ್ಚುಕಡಿಮೆ ಆದರೆ ಬಣ್ಣ ಸ್ವಲ್ಪ ತಿಳಿಯೋ ಗಾಢವೋ ಆಗಬಹುದು. ಅದೇ ಸಾಲಿನಲ್ಲಿ, ಅದೇ ಡ್ರಿಪ್ ಪೈಪಿನ ನೀರು ಕುಡಿದ ಎರಡು ಗಿಡಗಳಲ್ಲಿ ಒಂದು ಹಳದಿ, ಇನ್ನೊಂದು ನೇರಳೆ ಆಗುವುದು ಹೇಗೆ? ಅಂಜೂರ ಬೀಜದಿಂದ ಮಾಡಿದ ಸಸಿಯಲ್ಲ, ಕಡ್ಡಿ ನೆಟ್ಟು ಬೆಳೆಸಿದ್ದು. ತಾಯಿ ಗಿಡ ಹೇಗೋ ಮರಿಯೂ ಹಾಗೆಯೇ. ಕಡ್ಡಿ ಕತ್ತರಿಸಿ ಕಟ್ಟು ಕಟ್ಟಿಟ್ಟಾಗ ಎಲ್ಲ ತಳಿಯೂ ಒಂದೇ ತರ ಬೂದು ಬಣ್ಣದ ಕಟ್ಟಿಗೆ. ಅಲ್ಲಿ ಚೀಟಿ ತಪ್ಪಿದರೆ ರೈತನಿಗೆ ಗೊತ್ತಾಗುವುದು ವರ್ಷಗಳ ಮೇಲೆ.

ಎಲೆ ನೋಡಿ ತಳಿ ಹೇಳುತ್ತೇವೆ ಎನ್ನುವವರೂ ಇದ್ದಾರೆ. ಹುಷಾರಾಗಿರಿ. ಒಂದೇ ಗಿಡದಲ್ಲಿ ಮೂರು ಸೀಳಿನ ಎಲೆಯೂ ಐದು ಸೀಳಿನ ಎಲೆಯೂ ಇರುತ್ತವೆ. ಎಳೆ ಸಸಿಯ ಎಲೆಯೇ ಬೇರೆ, ಫಸಲಿಗೆ ಬಂದ ಗಿಡದ ಎಲೆಯೇ ಬೇರೆ. ಹಣ್ಣನ್ನೇ ನೋಡಬೇಕು. ಸಿಪ್ಪೆಯ ಬಣ್ಣ, ಕುತ್ತಿಗೆಯ ಉದ್ದ, ತುದಿಯ ಕಣ್ಣು ತೆರೆದಿದೆಯೋ ಮುಚ್ಚಿದೆಯೋ, ಸೀಳಿದಾಗ ತಿರುಳು ಯಾವ ಬಣ್ಣ, ಯಾವ ತಿಂಗಳು ಹಣ್ಣಾಯಿತು. ಇವೆಲ್ಲ ಸೇರಿದರೆ ಮಾತ್ರ ಒಂದು ಅಂದಾಜು ಸಿಗುತ್ತದೆ. ಡಿಎನ್‌ಎ ಪರೀಕ್ಷೆಯೂ ಇದೆ. ಆದರೆ ಹೋಲಿಸಿ ನೋಡಲು ಇದು ಡಯಾನಾನೇ ಎಂದು ಖಚಿತವಾದ ತಾಯಿ ಗಿಡ ಒಂದು ಇರಲೇಬೇಕು. ಹೊರದೇಶದ ತಳಿಗಳಲ್ಲಂತೂ ಹೆಸರಿನ ಗೊಂದಲ ಜಾಸ್ತಿ. ಇಂಗ್ಲೆಂಡಿನಲ್ಲಿ ಬ್ರೌನ್ ಟರ್ಕಿ ಎನ್ನುವುದೇ ಬೇರೆ, ಕ್ಯಾಲಿಫೋರ್ನಿಯಾದಲ್ಲಿ ಅದೇ ಹೆಸರಿನಲ್ಲಿ ಮಾರುವುದೇ ಬೇರೆ.

ಇನ್ನೂ ದೊಡ್ಡ ಅಪಾಯ ಸ್ಮಿರ್ನಾ ಗುಂಪಿನ ಅಂಜೂರದ್ದು. ಪೂನಾ, ಡಯಾನಾ ಪರಾಗವಿಲ್ಲದೆಯೇ ಹಣ್ಣಾಗುತ್ತವೆ. ಸ್ಮಿರ್ನಾಕ್ಕೆ ಕಾಡು ಅಂಜೂರದಿಂದ ಪರಾಗ ಹೊತ್ತು ತರುವ ಪುಟ್ಟ ಕಣಜದ ಹುಳು ಬೇಕು. ಅದಿಲ್ಲದಿದ್ದರೆ ಕಾಯಿ ಬಲಿಯದೆ ಉದುರುತ್ತದೆ. 'ವಿದೇಶಿ ತಳಿ' ಎಂಬ ಒಂದೇ ಮಾತಿಗೆ ಮರುಳಾಗಿ ಅಂಥ ಸಸಿ ಹಚ್ಚಿದವನು ಎಷ್ಟು ಗೊಬ್ಬರ ಹಾಕಿದರೂ ಹಣ್ಣು ತಿನ್ನಲಾರ.

ಗ್ರಾಹಕರ ಆಯೋಗಕ್ಕೆ ಹೋಗಬಹುದಲ್ವಾ ಎಂದು ಗೆಳೆಯರು ಕೇಳಿದರು. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಆದರೆ ನನ್ನ ಬಿಲ್ಲಿನಲ್ಲಿ 'ಅಂಜೂರ ಸಸಿ 160' ಎಂದಷ್ಟೇ ಇದೆ. ತಳಿಯ ಹೆಸರೇ ಇಲ್ಲ. ದೂರು ಕೊಡಲು ಇರುವ ಕಾಲ ಎರಡು ವರ್ಷ. ಖರೀದಿ ದಿನದಿಂದಲೇ ಎಣಿಸುತ್ತೇವೆ ಎಂದು ಯಾರಾದರೂ ವಾದಿಸಿದರೆ, ಹಣ್ಣಿನ ಬಣ್ಣ ಕಾಣುವ ಹೊತ್ತಿಗೆ ಗಡುವೇ ಮುಗಿದಿರುತ್ತದೆ.

ಅದಕ್ಕೇ ತೋಟಗಾರಿಕೆ ಇಲಾಖೆಗೆ ನನ್ನ ಬೇಡಿಕೆ ಇಷ್ಟು. ಹಣ್ಣಿನ ಸಸಿ ಮಾರುವವರು ತಳಿಯ ಹೆಸರು, ಕಡ್ಡಿ ತಂದ ತಾಯಿ ಗಿಡ ಎಲ್ಲಿಯದು ಎಂಬುದನ್ನು ಬಿಲ್ಲಿನಲ್ಲಿ ಬರೆದು ಕೊಡುವಂತೆ ಕಡ್ಡಾಯ ಮಾಡಿ. ನಮ್ಮ ಭಾಗದ ಇಲಾಖೆ ತೋಟಗಳಲ್ಲಿ ಡಯಾನಾ, ಪೂನಾ, ದಿನಕರ, ಕೋನಾಡ್ರಿಯಾದಂಥ ತಳಿಗಳ ಖಚಿತ ಗಿಡಗಳನ್ನು ನಾಲ್ಕಾರಾದರೂ ಬೆಳೆಸಿ. ಹಣ್ಣಿನ ಕಾಲದಲ್ಲಿ ರೈತರು ಬಂದು ತಮ್ಮ ಹಣ್ಣನ್ನು ಪಕ್ಕದಲ್ಲಿಟ್ಟು ನೋಡುವಂತಾಗಲಿ. ಧಾರವಾಡದ ಕೃಷಿ ಮೇಳದಲ್ಲಿ ಸಸಿ ಕೊಳ್ಳುವವರಿಗೂ ಇದನ್ನು ತಿಳಿಸಿ ಹೇಳಲಿ.

ಆ 48 ಗಿಡಗಳ ಕಾಂಡಕ್ಕೆ ಕೆಂಪು ಬಣ್ಣ ಬಳಿದಿದ್ದೇನೆ. ಉಳಿದ 112 ಗಿಡ ಡಯಾನಾನೇ ಎಂದು ಎದೆ ತಟ್ಟಿ ಹೇಳುವ ಧೈರ್ಯವೂ ಈಗ ನನಗಿಲ್ಲ. ಕೋನಾಡ್ರಿಯಾದ ಸಿಪ್ಪೆಯೂ ತಿಳಿ ಹಸಿರೇ ಇರುತ್ತದೆ. ಪಕ್ಕದ ಹೊಲದವರು ಕಡ್ಡಿ ಕೇಳಿಕೊಂಡು ಬಂದಿದ್ದರು, ಕೊಡಲಿಲ್ಲ. ಹಣ್ಣು ಇನ್ನೂ ಗಿಡದಲ್ಲಿದೆ. ಇಲಾಖೆಯವರು ಕೊಯ್ಲು ಮುಗಿಯುವುದರೊಳಗೆ ಒಮ್ಮೆ ಬಂದು ನೋಡಲಿ.

– ಒಬ್ಬ ಅಂಜೂರ ಬೆಳೆಗಾರ, ಮುಂಡರಗಿ ತಾಲ್ಲೂಕು, ಗದಗ ಜಿಲ್ಲೆ